ಉಳಿದುದು ಯಾರದು?

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನವರ ಚರಿತ್ರೆ ಸದ್ಭಕ್ತರೆಲ್ಲರಿಗೂ ತಿಳಿದುದೇ ಆಗಿದೆ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದರು. ಸತಿ ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಆ ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದ ಅಕ್ಕಿ ತಮ್ಮದಲ್ಲವೆಂದು ತಿಳಿಸಿ, ಹೆಚ್ಚಾದುದನ್ನು ಆಯ್ದ ಎಡೆಯಲ್ಲಿಯೇ ಸುರಿದು ಬರುವಂತೆ ಪತಿಯನ್ನು ಮರಳಿ ಕಳುಹಿಸಿದರು.

ಲೋಕದ ಕಣ್ಣಿಗೆ ಇದು ಅತಿಯಾದ ನಿಷ್ಠೆಯೆಂದು ತೋರಬಹುದು. ಅದು ನೆಲಕ್ಕೆ ಬಿದ್ದ ಅಕ್ಕಿ. ತನ್ನದೆಂದು ಕೇಳುವವರು ಯಾರೂ ಇರಲಿಲ್ಲ. ಮಾರಯ್ಯನವರು ಆಯದೆ ಬಿಟ್ಟಿದ್ದರೆ ಹಕ್ಕಿಯೋ ಇರುವೆಯೋ ತಿಂದು ಹೋಗುತ್ತಿತ್ತು. ಅದನ್ನು ಮನೆಗೆ ತಂದುದೂ ಸ್ವಂತ ಭೋಗಕ್ಕಲ್ಲ, ದಾಸೋಹಕ್ಕೆ. ಹೀಗಿದ್ದರೂ ಲಕ್ಕಮ್ಮನವರು ಒಪ್ಪಲಿಲ್ಲ. ಅವರು ಅಕ್ಕಿಯ ಬೆಲೆಯನ್ನು ಎಣಿಸುತ್ತಿರಲಿಲ್ಲ, ಅದನ್ನು ತಂದ ಕೈಯ ಶುದ್ಧಿಯನ್ನು ನೋಡುತ್ತಿದ್ದರು. ಒಳ್ಳೆಯ ಕೆಲಸಕ್ಕೆ ಬಳಸುವೆವೆಂಬ ಮಾತ್ರಕ್ಕೆ ಬಿದ್ದದ್ದೆಲ್ಲ ನಮ್ಮದಾಗುವುದಿಲ್ಲವೆಂಬುದು ಆ ಪುಣ್ಯಸತಿಯು ಗೃಹಸ್ಥಧರ್ಮಕ್ಕೆ ಕೊಟ್ಟ ಪಾಠ.

ಈ ಪಾಠವನ್ನು ಇಂದು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಕೊಂಡೊಯ್ಯಬೇಕಾದ ಪ್ರಸಂಗ ಬಂದಿದೆ. ಮನೆಯ ಹಿರಿಯರಿಗೆ ಜ್ವರವೋ ಸಕ್ಕರೆ ಕಾಯಿಲೆಯೋ ಬಂದಾಗ ವೈದ್ಯರು ರಕ್ತಪರೀಕ್ಷೆಗೆ ಬರೆದುಕೊಡುತ್ತಾರೆ. ತೋಳಿನಿಂದ ತೆಗೆದ ರಕ್ತ ಪುಟ್ಟ ಶೀಸೆಯನ್ನು ಸೇರುತ್ತದೆ. ಪರೀಕ್ಷೆಗೆ ಅದರಲ್ಲಿ ಅಲ್ಪಭಾಗ ಸಾಕು. ಮಿಕ್ಕುದು ಶೀಸೆಯಲ್ಲಿಯೇ ಉಳಿಯುತ್ತದೆ. ಗಡ್ಡೆಯಿದೆಯೆಂದು ಮಾಂಸದ ಚೂರನ್ನು ತೆಗೆದರೆ ಅದನ್ನು ಮೇಣದ ಅಚ್ಚಿನಲ್ಲಿ ಹುದುಗಿಸಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳನ್ನು ಕೊಯ್ದು, ಬಣ್ಣವೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗ ಯಾವುದೆಂದು ತಿಳಿದ ಮೇಲೂ ಆ ಮೇಣದ ಅಚ್ಚು ವರ್ಷಗಟ್ಟಲೆ ಕಪಾಟಿನಲ್ಲಿರುತ್ತದೆ. ರೋಗಿ ಗುಣಹೊಂದಿ ಮನೆಗೆ ಹೋಗಿರಬಹುದು, ಲಿಂಗೈಕ್ಯನೂ ಆಗಿರಬಹುದು; ಅವನ ದೇಹದ ಒಂದು ಕಣ ಅಲ್ಲಿಯೇ ಇರುತ್ತದೆ.

ಹೀಗೆ ಉಳಿದುದನ್ನು ಬಹುಮಟ್ಟಿಗೆ ಹಳದಿ ಚೀಲಕ್ಕೆ ಹಾಕಿ ಸುಡಲು ಕಳುಹಿಸುವುದುಂಟು. ಕೆಲವು ವೇಳೆ ಅದು ಸಂಶೋಧಕರ ಕೈ ಸೇರುತ್ತದೆ. ಹೊಸ ಪರೀಕ್ಷೆಯೊಂದು ಸರಿಯಾಗಿ ನಡೆಯುವುದೇ, ಯಾವ ರೋಗ ಎಷ್ಟು ಜನರಲ್ಲಿ ಅಡಗಿದೆ, ಯಾವ ಗಡ್ಡೆಗೆ ಯಾವ ಔಷಧ ನಾಟುವುದು ಎಂಬುದನ್ನು ಅವರು ಅದರಿಂದ ಕಂಡುಕೊಳ್ಳುತ್ತಾರೆ. ಇದು ಲೋಕಹಿತವೇ ಸರಿ. ಆದರೆ ರೋಗಿಗೆ ತಿಳಿಸದೆ ಹೀಗೆ ಮಾಡಬಹುದೇ? ಸುಡಲಿರುವ ವಸ್ತುವನ್ನು ಬಳಸಿಕೊಂಡರೆ ಯಾರಿಗೇನು ನಷ್ಟವೆಂದು ಕೆಲವರು ಕೇಳುತ್ತಾರೆ. ತನ್ನ ರಕ್ತವನ್ನು ತನ್ನನ್ನು ಕೇಳದೆ ಮುಟ್ಟಲು ಇವರಾರೆಂದು ಮತ್ತೆ ಕೆಲವರು ಕೇಳುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಇವೆರಡನ್ನೂ ತೂಗಿ ನೋಡಲು ಶರಣಧರ್ಮದಲ್ಲಿ ಒಂದು ತಕ್ಕಡಿಯುಂಟು. ಅದು ಪ್ರಸಾದತತ್ತ್ವ.

ಎಡೆಯಲ್ಲಿ ಉಳಿದುದೆಲ್ಲ ಪ್ರಸಾದವಲ್ಲ. ಲಿಂಗಕ್ಕೆ ಅರ್ಪಿತವಾಗಿ ಮರಳಿ ಬಂದುದು ಪ್ರಸಾದ. ಅರ್ಪಿತವಾಗದೆ ಉಳಿದುದು ಬರಿಯ ಮಿಕ್ಕುದು. ಅನ್ನ ಒಂದೇ, ಪಾತ್ರೆ ಒಂದೇ, ಭೇದವಿರುವುದು ಅರ್ಪಣೆಯಲ್ಲಿ. ಅರ್ಪಣೆಗೆ ಅರಿವು ಬೇಕು. ಕೊಡುವವನಿಗೆ ತಾನು ಕೊಡುತ್ತಿದ್ದೇನೆಂಬ ಅರಿವಿಲ್ಲದೆ, ಅವನ ಕೈಯಿಂದ ಜಾರಿದುದನ್ನು ಎತ್ತಿಕೊಂಡು ‘ಇದು ಅರ್ಪಿತ’ವೆಂದು ಹೇಳಲಾಗದು. ಅನರ್ಪಿತವನ್ನು ಸೇವಿಸಲಾಗದೆಂಬ ನೇಮ ವೀರಶೈವನ ನಿತ್ಯದ ಊಟಕ್ಕೇ ಇರುವಾಗ, ಮನುಷ್ಯನ ರಕ್ತಮಾಂಸದ ವಿಷಯದಲ್ಲಿ ಆ ನೇಮ ಸಡಿಲವಾಗುವುದು ಹೇಗೆ? ಶರಣರು ದೇಹವನ್ನು ಹೊಲಸೆಂದು ಹಳಿಯಲಿಲ್ಲ. ಲಿಂಗವನ್ನು ಧರಿಸಿದ ಅಂಗವನ್ನು ಪ್ರಸಾದಕಾಯವೆಂದು ಗೌರವಿಸಿದರು. ಆ ಅಂಗದಿಂದ ಬೇರ್ಪಟ್ಟ ಹನಿಯೂ ಗೌರವಕ್ಕೆ ಅರ್ಹವೇ.

ಈ ಮಾತು ಬರಿಯ ಭಾವುಕತೆಯಲ್ಲವೆಂಬುದಕ್ಕೆ ಅಮೆರಿಕದಲ್ಲಿ ನಡೆದ ಸಂಗತಿಯೊಂದು ಸಾಕ್ಷಿ. ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬಾಕೆ ವರ್ಜೀನಿಯಾ ಪ್ರಾಂತದಲ್ಲಿ ತಂಬಾಕಿನ ಹೊಲಗಳಲ್ಲಿ ದುಡಿದು ಬೆಳೆದ ಕಪ್ಪು ಜನಾಂಗದ ಹೆಣ್ಣುಮಗಳು. ಐದು ಮಕ್ಕಳ ತಾಯಿ. 1951ರಲ್ಲಿ ಗರ್ಭಕಂಠದ ಕ್ಯಾನ್ಸರ್ ತಗುಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಬಂದಳು. ಚಿಕಿತ್ಸೆಯ ಸಮಯದಲ್ಲಿ ಆಕೆಯ ಗಡ್ಡೆಯಿಂದ ಒಂದು ಚೂರನ್ನು ತೆಗೆದು ಜಾರ್ಜ್ ಗೇ ಎಂಬ ವಿಜ್ಞಾನಿಯ ಪ್ರಯೋಗಾಲಯಕ್ಕೆ ಕೊಟ್ಟರು. ಆಕೆಗೆ ಯಾರೂ ತಿಳಿಸಲಿಲ್ಲ. ಆಕೆಯ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಆ ಕಾಲದಲ್ಲಿ ಕೇಳುವ ವಾಡಿಕೆಯೂ ಇರಲಿಲ್ಲ. ಅದೇ ವರ್ಷದ ಅಕ್ಟೋಬರ್ 4ರಂದು, 31ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು.

ಆಕೆ ಮಣ್ಣಾದರೂ ಆಕೆಯ ಜೀವಕೋಶಗಳು ಸಾಯಲಿಲ್ಲ. ಅದುವರೆಗೆ ದೇಹದ ಹೊರಗೆ ಬೆಳೆಸಿದ ಮನುಷ್ಯನ ಜೀವಕೋಶಗಳು ಅಲ್ಪಕಾಲದಲ್ಲಿಯೇ ನಶಿಸುತ್ತಿದ್ದವು. ಇವು ಸುಮಾರು ಒಂದು ದಿನಕ್ಕೊಮ್ಮೆ ಇಮ್ಮಡಿಯಾಗುತ್ತ ಬೆಳೆದವು. ಆಕೆಯ ಹೆಸರಿನ ಮೊದಲಕ್ಷರಗಳಿಂದ ‘ಹೀಲಾ’ ಎಂದು ಕರೆಯಲ್ಪಟ್ಟ ಆ ಜೀವಕೋಶಗಳು ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಹರಡಿದವು. ಸಾಕ್ ಅವರ ಪೋಲಿಯೊ ಲಸಿಕೆಯ ಪರೀಕ್ಷೆಗೆ ಅವು ನೆರವಾದವು. ಗರ್ಭಕಂಠದ ಕ್ಯಾನ್ಸರಿಗೆ ಒಂದು ವೈರಸ್ ಕಾರಣವೆಂದು ತೋರಿಸಿ 2008ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಹೆರಾಲ್ಡ್ ತ್ಸುರ್ ಹೌಸನ್ ಅವರ ಸಂಶೋಧನೆಯಲ್ಲಿ, ಹೀಲಾ ಜೀವಕೋಶಗಳೊಳಗೂ ಆ ವೈರಸ್ಸಿನ ಅಂಶ ಕಂಡುಬಂದಿತು. ತನ್ನನ್ನು ಕೊಂದ ರೋಗದ ಗುಟ್ಟನ್ನು ಆ ತಾಯಿ ತನ್ನ ದೇಹದ ಕಣದಿಂದಲೇ ಲೋಕಕ್ಕೆ ತಿಳಿಸಿದಂತಾಯಿತು. ಗೇ ಅವರು ಈ ಜೀವಕೋಶಗಳನ್ನು ಕೇಳಿದವರಿಗೆ ಹಣ ಪಡೆಯದೆ ಹಂಚಿದರೆಂಬುದನ್ನೂ ನ್ಯಾಯಬುದ್ಧಿಯಿಂದ ಹೇಳಬೇಕು. ಮುಂದೆ ಅವನ್ನು ಬೆಳೆಸಿ ಮಾರುವ ವ್ಯಾಪಾರವೂ ಬೆಳೆಯಿತು.

ಇಷ್ಟೆಲ್ಲ ನಡೆಯುತ್ತಿದ್ದಾಗ ಆಕೆಯ ಮಕ್ಕಳಿಗೆ ಇದಾವುದೂ ತಿಳಿದಿರಲಿಲ್ಲ. ತಾಯಿಯ ಜೀವಕೋಶಗಳು ಬದುಕಿವೆಯೆಂಬ ಸುದ್ದಿ ಅವರಿಗೆ ಮುಟ್ಟಿದ್ದು 20 ವರ್ಷಗಳಿಗೂ ಮೀರಿದ ಮೇಲೆ. ಅದೂ ವಿಜ್ಞಾನಿಗಳಿಗೆ ಅವರ ರಕ್ತವೂ ಬೇಕಾದಾಗ. ಆಕೆಯ ಗೋರಿಗೆ 2010ರವರೆಗೆ ಹೆಸರು ಕೆತ್ತಿದ ಕಲ್ಲೂ ಇರಲಿಲ್ಲ. 2013ರಲ್ಲಿ ಹೀಲಾ ಜೀವಕೋಶಗಳ ವಂಶವಾಹಿಯ ಪೂರ್ಣ ವಿವರವನ್ನು ಕುಟುಂಬವನ್ನು ಕೇಳದೆಯೇ ಪ್ರಕಟಿಸಿದಾಗ ಮತ್ತೆ ಕೋಲಾಹಲವೆದ್ದಿತು. ಆ ವಿವರ ಸತ್ತವಳೊಬ್ಬಳದೇ ಆಗಿರಲಿಲ್ಲ. ಆಕೆಯ ಮಕ್ಕಳು ಮೊಮ್ಮಕ್ಕಳ ದೇಹದ ಗುಟ್ಟೂ ಅದರಲ್ಲಿ ಅಡಗಿತ್ತು. ಆಗ ಆ ದೇಶದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕುಟುಂಬದವರೊಡನೆ ಒಡಂಬಡಿಕೆ ಮಾಡಿಕೊಂಡು, ಆ ವಿವರವನ್ನು ಯಾರು ನೋಡಬಹುದೆಂದು ವಿಚಾರಿಸುವ ಸಮಿತಿಯಲ್ಲಿ ಅವರಿಗೂ ಸ್ಥಾನವನ್ನಿತ್ತಿತು. 2023ರಲ್ಲಿ ಈ ಜೀವಕೋಶಗಳಿಂದ ಲಾಭ ಪಡೆದ ಕಂಪನಿಯೊಂದು ಕುಟುಂಬದೊಡನೆ ರಾಜಿ ಮಾಡಿಕೊಂಡಿತು. ಕೇಳಬೇಕಾದ ಮಾತನ್ನು ಕೇಳಲು ಲೋಕಕ್ಕೆ ಅರುವತ್ತು ವರ್ಷಗಳೇ ಬೇಕಾದವು.

ಕಲ್ಯಾಣದ ಪ್ರಸಾದಕುಂಡದ ಬಳಿ ಯಾರ ಗಮನಕ್ಕೂ ಬಾರದೆ ಹನ್ನೆರಡು ವರ್ಷವಿದ್ದ ಮರುಳಶಂಕರದೇವರ ಕಥೆ ಇಲ್ಲಿ ನೆನಪಿಗೆ ಬರುವುದು. ಸಾವಿರಾರು ಜನ ಉಂಡು ಹೋಗುವ ಎಡೆಯಲ್ಲಿ ಒಬ್ಬ ಮಹಾತ್ಮನಿದ್ದಾನೆಂದು ಯಾರಿಗೂ ತೋರಲಿಲ್ಲ. ಕಣ್ಣಿಟ್ಟು ನೋಡಿ ಗುರುತಿಸಿದವರು ಅಲ್ಲಮಪ್ರಭುದೇವರು. ಉಳಿದುದರ ನಡುವೆ ಇರುವ ವ್ಯಕ್ತಿಯನ್ನು ಕಾಣುವುದೇ ಪ್ರಭುವಿನ ದೃಷ್ಟಿ. ಮೇಣದ ಅಚ್ಚನ್ನು ನೋಡುವಾಗ ಅದರ ಹಿಂದೆ ಒಬ್ಬ ತಾಯಿಯೋ ಒಬ್ಬ ಒಕ್ಕಲಿಗನೋ ಇದ್ದಾನೆಂದು ನೆನೆಯುವ ಸಂಶೋಧಕನಿಗೆ ಆ ದೃಷ್ಟಿಯ ಒಂದು ಕಿರಣ ದೊರೆತಂತೆ.

ಒಪ್ಪಿಗೆಯ ಕಾಗದವಿದ್ದರೂ ಅಪಚಾರವಾಗಬಹುದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಅಮೆರಿಕದ ಅರಿಜೋನಾ ಪ್ರಾಂತದ ಗ್ರ್ಯಾಂಡ್ ಕ್ಯಾನಿಯನ್ ಕಮರಿಯಲ್ಲಿ ಹವಸುಪಾಯಿ ಎಂಬ ಮೂಲನಿವಾಸಿಗಳ ಸಣ್ಣ ಕುಲವಿದೆ. ಮಧುಮೇಹದಿಂದ ಬಹಳವಾಗಿ ನರಳುತ್ತಿದ್ದ ಆ ಜನ, 1990ರಿಂದಾಚೆಗೆ ವಿಶ್ವವಿದ್ಯಾಲಯದ ಸಂಶೋಧಕರಿಗೆ ತಮ್ಮ ರಕ್ತವನ್ನು ಕೊಟ್ಟರು. ತಮ್ಮ ರೋಗದ ಕಾರಣ ತಿಳಿಯುವುದೆಂದು ಅವರ ನಂಬಿಕೆ. ಕಾಗದದಲ್ಲಿ ಬರೆದ ಮಾತು ಮಾತ್ರ ಅದಕ್ಕಿಂತ ಬಹು ಅಗಲವಾಗಿತ್ತು. ಅದೇ ರಕ್ತವನ್ನು ಮುಂದೆ ಮನೋರೋಗದ ಅಧ್ಯಯನಕ್ಕೂ, ಆ ಕುಲದವರ ಪೂರ್ವಿಕರು ಎಲ್ಲಿಂದ ವಲಸೆ ಬಂದರೆಂಬ ಅಧ್ಯಯನಕ್ಕೂ ಬಳಸಿದರು. ಆ ಕಮರಿಯೇ ತಮ್ಮ ಹುಟ್ಟಿನ ನೆಲೆಯೆಂದು ನಂಬಿದ್ದ ಜನರಿಗೆ ಇದು ತಿಳಿದಾಗ ಆದ ನೋವು ಅಷ್ಟಿಷ್ಟಲ್ಲ. ಮೊಕದ್ದಮೆ ನಡೆದು, 2010ರಲ್ಲಿ ವಿಶ್ವವಿದ್ಯಾಲಯವು 41 ಮಂದಿಗೆ ಒಟ್ಟು 7 ಲಕ್ಷ ಡಾಲರ್ ಪರಿಹಾರವನ್ನು ಕೊಡಲೊಪ್ಪಿತು. ಅದಕ್ಕಿಂತ ಮುಖ್ಯವಾಗಿ, ಉಳಿದಿದ್ದ ರಕ್ತವನ್ನು ಆ ಕುಲಕ್ಕೆ ಹಿಂದಿರುಗಿಸಿತು. ಲಕ್ಕಮ್ಮನವರು ಎಂಟು ನೂರು ವರ್ಷಗಳಿಗೂ ಹಿಂದೆ ನಡೆಸಿ ತೋರಿದ ನ್ಯಾಯ ಇದೇ ಅಲ್ಲವೇ? ಕೊಟ್ಟವರ ಭಾವಕ್ಕೆ ಮೀರಿ ತಂದುದನ್ನು ತಂದ ಎಡೆಗೇ ಮರಳಿಸಬೇಕು.

ಹಾಗೆಂದು, ಉಳಿದುದನ್ನು ಮುಟ್ಟಲೇಬಾರದೆಂದು ಹಟ ಹಿಡಿಯುವುದೂ ಧರ್ಮವಲ್ಲ. ಬ್ರಿಟನ್ನಿನಲ್ಲಿ ಹುಚ್ಚುಹಸುವಿನ ರೋಗ ಮಾಂಸದ ಮೂಲಕ ಮನುಷ್ಯರಿಗೂ ಅಂಟಿ, ಎಷ್ಟು ಜನರ ದೇಹದಲ್ಲಿ ಅದು ಗುಪ್ತವಾಗಿದೆಯೆಂಬ ಭೀತಿ ಹರಡಿತ್ತು. ಆಗ ಸಂಶೋಧಕರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿ ಆಸ್ಪತ್ರೆಗಳಲ್ಲಿ ಉಳಿದಿದ್ದ 32,441 ಅಪೆಂಡಿಕ್ಸ್ ಚೂರುಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 16ರಲ್ಲಿ ರೋಗದ ಗುರುತು ಕಂಡಿತು. ಎಂದರೆ ಸುಮಾರು 2,000ಕ್ಕೆ ಒಂದು. 2013ರಲ್ಲಿ ಪ್ರಕಟವಾದ ಈ ತಿಳಿವು ರಕ್ತದಾನದ ವ್ಯವಸ್ಥೆಯಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ವಿಚಾರಿಸಲು ಆಧಾರವಾಯಿತು. ಉಳಿದ ಚೂರುಗಳಿಲ್ಲದಿದ್ದರೆ ಇಷ್ಟೊಂದು ಜನರ ದೇಹವನ್ನು ಕೊಯ್ದು ನೋಡಲು ಸಾಧ್ಯವೇ ಇರಲಿಲ್ಲ.

ಆದರೆ ಇಲ್ಲಿಯೂ ಧರ್ಮಸೂಕ್ಷ್ಮವೊಂದುಂಟು. ಯಾರ ಗುಟ್ಟೂ ಬಯಲಾಗಬಾರದೆಂದು ಹೆಸರುಗಳನ್ನು ಮೊದಲೇ ಕಳಚಿಹಾಕಿದ್ದರು. ಆದುದರಿಂದ ಆ ಹದಿನಾರು ಮಂದಿ ಯಾರೆಂದು ಹೇಳುವಂತಿರಲಿಲ್ಲ. ಆ ರೋಗಕ್ಕೆ ಮದ್ದಿಲ್ಲವಾದ್ದರಿಂದ ತಿಳಿಸದಿದ್ದುದೇ ಲೇಸೆಂದು ಒಬ್ಬರು ಹೇಳಬಹುದು. ತನ್ನ ದೇಹದ ಸತ್ಯವನ್ನು ತಿಳಿಯುವ ಹಕ್ಕು ತನಗಿದೆಯೆಂದು ಮತ್ತೊಬ್ಬರು ಹೇಳಬಹುದು. ಮದ್ದಿರುವ ರೋಗವಾಗಿದ್ದರೆ ಈ ಮೌನವನ್ನು ಸಹಿಸುವುದು ಇನ್ನೂ ಕಷ್ಟ. ಹೆಸರನ್ನು ಅಳಿಸಿದರೆ ಎಲ್ಲ ದೋಷವೂ ಅಳಿಯಿತೆಂದು ತಿಳಿಯಬಾರದು. ಗುಟ್ಟನ್ನು ಕಾಯುವ ಅದೇ ಕ್ರಮವು ಋಣ ತೀರಿಸುವ ದಾರಿಯನ್ನೂ ಮುಚ್ಚಬಲ್ಲದು. ಆದುದರಿಂದಲೇ ಮಾತು ಮೊದಲೇ ಆಗಬೇಕು: ಉಳಿದುದನ್ನು ಬಳಸಬಹುದೇ, ಏನಾದರೂ ಕಂಡರೆ ತಿಳಿಸಬೇಕೇ, ಎಂದು ರಕ್ತ ತೆಗೆಯುವಾಗಲೇ ಕೇಳಬೇಕು.

ಹಾಗಾದರೆ ಉಳಿದುದು ಯಾರದು? ಕ್ಯಾಲಿಫೋರ್ನಿಯಾದಲ್ಲಿ ಮೂರ್ ಎಂಬ ರೋಗಿಯ ಗುಲ್ಮವನ್ನು ತೆಗೆದ ವೈದ್ಯರು, ಅವನಿಗೆ ತಿಳಿಸದೆ ಅದರ ಜೀವಕೋಶಗಳಿಂದ ಪೇಟೆಂಟು ಪಡೆದಾಗ ಅವನು ನ್ಯಾಯಾಲಯಕ್ಕೆ ಹೋದನು. 1990ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಆ ಜೀವಕೋಶಗಳನ್ನು ಅವನ ಆಸ್ತಿಯೆಂದು ಒಪ್ಪಲಿಲ್ಲ. ಆದರೆ ತನ್ನ ಸಂಶೋಧನೆಯ ಮತ್ತು ಲಾಭದ ಉದ್ದೇಶವನ್ನು ರೋಗಿಗೆ ಮುಂಚಿತವಾಗಿ ತಿಳಿಸುವುದು ವೈದ್ಯನ ಕರ್ತವ್ಯವೆಂದು ಸಾರಿತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ನೀತಿಸೂತ್ರಗಳು ಇನ್ನೂ ಒಂದು ಹೆಜ್ಜೆ ಮುಂದಿವೆ. ಸಂಶೋಧನೆಗೆಂದು ಕೊಟ್ಟ ಮಾದರಿಗೆ ಒಡೆಯನು ಕೊಟ್ಟವನೇ. ಅದನ್ನಿಟ್ಟುಕೊಂಡ ಸಂಸ್ಥೆ ಪಾಲಕ ಮಾತ್ರ. ಮಾದರಿ ಯಾರದೆಂದು ಗುರುತಿಸಲಾಗದಂತೆ ಮಾಡಿದ್ದಲ್ಲಿ, ಅಥವಾ ಕೊಟ್ಟವರನ್ನು ಮರಳಿ ಸಂಪರ್ಕಿಸುವುದು ಸಾಧ್ಯವಿಲ್ಲದಲ್ಲಿ, ನೀತಿ ಸಮಿತಿಯು ವಿಚಾರಿಸಿ ಒಪ್ಪಿಗೆಯ ಕಟ್ಟಳೆಯನ್ನು ಸಡಿಲಿಸಬಹುದು; ಆ ತೀರ್ಮಾನವನ್ನು ಸಂಶೋಧಕನು ತಾನೇ ಮಾಡಿಕೊಳ್ಳುವಂತಿಲ್ಲ.

ಪಾಲಕನೆಂದರೆ ಭಂಡಾರಿ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ರಾಜ್ಯದ ಹಣವೆಲ್ಲ ಅವರ ಕೈಯಲ್ಲಿತ್ತು. ದಾಸೋಹವೂ ಎಡೆಬಿಡದೆ ನಡೆಯುತ್ತಿತ್ತು. ಭಂಡಾರದ ಹಣ ದಾಸೋಹಕ್ಕೆ ಹೋಗುತ್ತಿದೆಯೆಂದು ಚಾಡಿಕೋರರು ದೂರಿದಾಗ, ಲೆಕ್ಕ ನೋಡಲಾಗಿ ಒಂದು ಹಾಗವೂ ಕಡಿಮೆಯಿರಲಿಲ್ಲವೆಂದು ಪುರಾಣಗಳು ಸಾರುತ್ತವೆ. ದಾಸೋಹಕ್ಕಿಂತ ಮಿಗಿಲಾದ ಕಾರ್ಯವಿಲ್ಲವೆಂದು ನಂಬಿದವರೇ ಪರರ ಹಣವನ್ನು ದಾಸೋಹಕ್ಕೂ ಮುಟ್ಟಲಿಲ್ಲ. ಒಳ್ಳೆಯ ಉದ್ದೇಶವಿದೆಯೆಂದು ಭಂಡಾರದ ಬೀಗ ತೆಗೆಯುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವುಂಟೇ? ಪ್ರಯೋಗಾಲಯದ ಶೀತಪೆಟ್ಟಿಗೆಯ ಬೀಗದ ಕೈ ಯಾರ ಕೈಯಲ್ಲಿದೆಯೋ ಅವರೆಲ್ಲರೂ ಇಂಥ ಭಂಡಾರಿಗಳೇ.

ವೀರಶೈವ ಮಠಗಳೂ ಸಮಾಜದ ವಿದ್ಯಾಸಂಸ್ಥೆಗಳೂ ಬೆಳಗಾವಿ, ಮೈಸೂರು, ದಾವಣಗೆರೆ, ವಿಜಯಪುರ ಮೊದಲಾದ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳನ್ನು ನಡೆಸಿಕೊಂಡು ಬಂದಿವೆ. ಆದುದರಿಂದ ಇದು ಪರದೇಶದವರ ದೋಷವನ್ನು ಎಣಿಸಿ ಮುಗಿಸುವ ವಿಷಯವಲ್ಲ. ವೈದ್ಯ ಸಂಗಣ್ಣನಂಥ ಶರಣರು ವೈದ್ಯವನ್ನು ಕಾಯಕವಾಗಿ ಮಾಡಿದ ಪರಂಪರೆಯಿದು. ಸದಾಚಾರವುಳ್ಳ ವೈದ್ಯನು ರೋಗಿಗೆ ತಿಳಿಯುವ ಭಾಷೆಯಲ್ಲಿ, ಅವಸರಪಡಿಸದೆ ಕೇಳಬೇಕು. ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಯ ಕೊನೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡುದು ಒಪ್ಪಿಗೆಯೆನಿಸದು. ಬೇಡವೆಂದರೆ ಚಿಕಿತ್ಸೆಗೆ ಎಲ್ಲಿ ಕುಂದು ಬರುವುದೋ ಎಂಬ ಅಂಜಿಕೆಯಿಂದ ‘ಹೂಂ’ ಎಂದುದು ಅರ್ಪಣೆಯೆನಿಸದು. ಬೇಡವೆಂದವನಿಗೂ ಅದೇ ಪ್ರೀತಿಯಿಂದ ಮದ್ದು ಕೊಡುವುದು ಭೃತ್ಯಾಚಾರ. ಯಾವ ಕಾರ್ಯಕ್ಕೆಂದು ಪಡೆದರೋ ಅದನ್ನು ಮೀರಬೇಕಾದಾಗ ಮತ್ತೆ ಕೇಳುವುದು, ದೊರೆತ ತಿಳಿವಿನ ಫಲ ಕೊಟ್ಟವರ ಊರುಕೇರಿಗೂ ಮುಟ್ಟುವಂತೆ ನೋಡುವುದು, ಋಣವನ್ನು ನೆನೆಯುವ ರೀತಿ.

ಗೃಹಸ್ಥರಿಗೂ ಇಲ್ಲಿ ಕರ್ತವ್ಯವಿದೆ. ಕೇಳದೆ ಒಯ್ದರೆ ಸಿಟ್ಟಾಗುವವನು, ಕೇಳಿದಾಗ ಕೈಮುಚ್ಚಿಕೊಳ್ಳುವುದು ಸರಿಯೇ? ಮನೆಯ ಮಗುವಿಗೆ ಇಂದು ಸಿಗುವ ಲಸಿಕೆಯ ಹಿಂದೆ, ಮದ್ದಿನ ಹಿಂದೆ, ಹೆಸರು ತಿಳಿಯದ ಅನೇಕರ ರಕ್ತವಿದೆ, ನೋವಿದೆ. ಅವರ ಋಣವನ್ನು ಅವರಿಗೆ ತೀರಿಸಲು ಬಾರದು. ಮುಂದೆ ಬರುವ ರೋಗಿಗೆ ಕೊಟ್ಟು ತೀರಿಸಬೇಕು. ತನುವನ್ನು ಗುರುವಿಗೂ ಮನವನ್ನು ಲಿಂಗಕ್ಕೂ ಧನವನ್ನು ಜಂಗಮಕ್ಕೂ ಅರ್ಪಿಸಬೇಕೆಂದು ಕಲಿತ ಭಕ್ತನಿಗೆ, ಪರೀಕ್ಷೆ ಮುಗಿದ ಮೇಲೆ ಶೀಸೆಯಲ್ಲಿ ಉಳಿದ ಒಂದೆರಡು ಹನಿ ಭಾರವಾದ ದಾನವೇನಲ್ಲ. ಆತನು ಕೇಳಿ ತಿಳಿಯಲಿ: ಇದನ್ನು ಏನು ಮಾಡುವಿರಿ, ಎಷ್ಟು ಕಾಲ ಇಡುವಿರಿ, ಯಾರು ನೋಡುವರು, ನನಗೆ ಸಂಬಂಧಿಸಿದುದೇನಾದರೂ ಕಂಡರೆ ಹೇಳುವಿರಾ ಎಂದು. ಉತ್ತರ ಸತ್ಯವೆಂದು ತೋರಿದರೆ ಮನಸಾರ ಒಪ್ಪಿ ಕೊಡಲಿ. ಮನೆಯ ಓದುಬಾರದ ತಾಯಿಗೂ ಅದನ್ನು ಬಿಡಿಸಿ ಹೇಳಿ, ಅವಳ ಮಾತನ್ನು ಅವಳೇ ಆಡುವಂತೆ ಮಾಡಲಿ. ಅವಳ ಪರವಾಗಿ ತಾನೇ ತಲೆಯಾಡಿಸದಿರಲಿ.

ಹೀಗೆ ಕೇಳಿ ಪಡೆದ ಹನಿ, ತಿಳಿದು ಕೊಟ್ಟ ಹನಿ, ಸುಡುವ ಚೀಲಕ್ಕೆ ಹೋಗಬೇಕಾಗಿದ್ದ ಅದೇ ಹನಿಯಾದರೂ, ಅರ್ಪಿತದ ಬಲದಿಂದ ಪ್ರಸಾದವಾಗುವುದು. ಕೊಟ್ಟವನೂ ಕೊಂಡವನೂ ಒಂದೇ ದಾಸೋಹದಲ್ಲಿ ಭಾಗಿಗಳಾಗುವರು. ಕೇಳದೆ ಕೊಂಡರೆ ಅದರಿಂದ ಲೋಕಕ್ಕೇ ಮದ್ದು ದೊರೆತರೂ ಕೊಂಡವನ ಕೈಗಂಟಿದ ಕಳಂಕ ಹೋಗದು. ಆಸ್ಪತ್ರೆಯಲ್ಲಿ ದುಡಿಯುವ ಸದ್ಭಕ್ತರು, ಶೀಸೆಯ ಮೇಲಿನ ಚೀಟಿಯನ್ನು ಓದುವಾಗಲೆಲ್ಲ, ಹೆಚ್ಚಿನ ಅಕ್ಕಿಯನ್ನು ಹೊತ್ತು ಅಂಗಳಕ್ಕೆ ಮರಳಿದ ಮಾರಯ್ಯನವರನ್ನು ನೆನೆಯಲಿ. ಶರಣರ ಕೃಪೆ ಸರ್ವರಿಗೂ ಆಗಲಿ.